ನೆರೆ ನೀರು ಎಲ್ಲರ ಮನೆಗೂ ನುಗ್ಗುತ್ತದೆ, ಆಸ್ಪತ್ರೆ ಸೇರುವವರು ಮಾತ್ರ ಬಡವರೇ ಯಾಕೆ?

ಪ್ರಶ್ನೆಪತ್ರಿಕೆ:
ನೆರೆ, ಚಂಡಮಾರುತದ ಸುದ್ದಿ ಬಂದಾಗಲೆಲ್ಲ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ, "ಪ್ರಕೃತಿಗೆ ಬಡವ ಬಲ್ಲಿದ ಅಂತ ಭೇದ ಇಲ್ಲ" ಎಂದು. ಕೇಳೋಕೆ ಚೆನ್ನಾಗಿದೆ. ಲೆಕ್ಕ ನೋಡಿದರೆ ಮಾತ್ರ ಹಾಗೆ ಕಾಣುವುದಿಲ್ಲ.

2022ರಲ್ಲಿ ಪಾಕಿಸ್ತಾನದಲ್ಲಿ ಭಾರೀ ನೆರೆ ಬಂತು. ಸುಮಾರು 1,700 ಜನ ಸತ್ತರು. ಇದು ಎಲ್ಲ ಕಡೆ ಸುದ್ದಿಯಾಯಿತು. ಆಮೇಲೆ ಆದದ್ದು ಎಷ್ಟು ಜನರಿಗೆ ಗೊತ್ತು? 2021ರಲ್ಲಿ ಅಲ್ಲಿ 5 ಲಕ್ಷದಷ್ಟಿದ್ದ ಮಲೇರಿಯಾ ಪ್ರಕರಣ 2022ರಲ್ಲಿ ಸುಮಾರು 26 ಲಕ್ಷಕ್ಕೆ ಏರಿತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನೀರು ನಿಂತ ಜಾಗದಲ್ಲೇ ಡೇರೆ ಹಾಕಿಕೊಂಡು ಮಲಗಿದ್ದವರು ಯಾರು ಅಂತ ಹೇಳಬೇಕಾಗಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಇದು ಬರೀ ದುಡ್ಡಿನ ವಿಷಯವಾ? ಅಥವಾ ಬಡವರ ಬದುಕಿನಲ್ಲಿ ಮೊದಲೇ ಇರುವ ಯಾವುದೋ ತೊಂದರೆ ವಿಪತ್ತು ಬಂದಾಗ ದೊಡ್ಡದಾಗುತ್ತದಾ? ಆರೋಗ್ಯ ಇಲಾಖೆ, ನೀರು ಸರಬರಾಜು, ಔಷಧಿ ಅಂಗಡಿ ಅಂತ ಕೆಲಸ ಮಾಡುವವರು ಇಲ್ಲಿ ಇದ್ದರೆ ಹೇಳಿ.

ನೇರಮಾತು:
ಇದರಲ್ಲಿ ದೊಡ್ಡ ರಹಸ್ಯ ಏನಿದೆ? ನೀರು ಕುದಿಸಿ ಕುಡಿಯಬೇಕು, ಕೈ ತೊಳೆಯಬೇಕು, ಸೊಳ್ಳೆಪರದೆ ಕಟ್ಟಬೇಕು. ಮಾಡದವರಿಗೆ ಕಾಯಿಲೆ ಬರುತ್ತದೆ. ಎಲ್ಲದಕ್ಕೂ ಬಡತನವನ್ನೇ ದೂರಿದರೆ ಹೇಗೆ?

ನಲ್ಲಿ ರಿಪೇರಿ:
ನೇರಮಾತು ಅವರೇ, ಕುದಿಸೋಕೆ ಏನು ಬೇಕು ಹೇಳಿ. ಪಾತ್ರೆ ಬೇಕು, ಒಲೆ ಬೇಕು, ಒಣ ಸೌದೆ ಬೇಕು. ಪಾತ್ರೆ ಕೊಚ್ಚಿಕೊಂಡು ಹೋಗಿದೆ. ಒಲೆ ಕರಗಿ ಮಣ್ಣಾಗಿದೆ. ಸೌದೆ ನೆನೆದು ಕೂತಿದೆ. ಇನ್ನು ಕೈ ತೊಳೆಯಿರಿ ಅಂತೀರಿ. ಪರಿಹಾರ ಕೆಲಸದಲ್ಲಿ ಜಗತ್ತಿನಾದ್ಯಂತ ಪಾಲಿಸುವ ಸ್ಫಿಯರ್ ಮಾನದಂಡ ಅಂತ ಒಂದಿದೆ. ಕುಡಿಯೋಕೆ, ಅಡುಗೆಗೆ, ತೊಳೆಯೋಕೆ ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಬೇಕು ಎನ್ನುತ್ತದೆ ಅದು. ಎಷ್ಟೋ ಶಿಬಿರದಲ್ಲಿ ಮೊದಲ ವಾರ ಅದರ ಅರ್ಧವೂ ಸಿಗುವುದಿಲ್ಲ. ಸಿಕ್ಕಿದ್ದನ್ನು ಕುಡಿಯಬೇಕಾ, ಕೈ ತೊಳೆಯಬೇಕಾ?

ನಾನು ನೀರು ಸರಬರಾಜಿನಲ್ಲಿ ಕೆಲಸ ಮಾಡುವವನು. ಹೊರಗಿನವರಿಗೆ ಕಾಣದ ಒಂದು ವಿಷಯ ಹೇಳುತ್ತೇನೆ. ಪೈಪಿನಲ್ಲಿ 24 ಗಂಟೆ ಒತ್ತಡ ಇದ್ದರೆ ಎಲ್ಲಾದರೂ ಬಿರುಕು ಬಿಟ್ಟರೂ ನೀರು ಹೊರಗೆ ಸೋರುತ್ತದೆ, ಹೊರಗಿನದು ಒಳಗೆ ಬರುವುದಿಲ್ಲ. ಬಡವರ ಬಡಾವಣೆಗೆ ಎರಡು ದಿನಕ್ಕೊಮ್ಮೆ, ಮೂರು ದಿನಕ್ಕೊಮ್ಮೆ ನೀರು ಬಿಡುತ್ತಾರೆ ಅಲ್ವಾ? ಉಳಿದ ಹೊತ್ತು ಪೈಪು ಖಾಲಿ. ಆಗ ಸುತ್ತಲಿನ ಚರಂಡಿ ನೀರನ್ನು ಆ ಬಿರುಕು ಒಳಗೆ ಎಳೆದುಕೊಳ್ಳುತ್ತದೆ. ಸಾಮಾನ್ಯ ದಿನದಲ್ಲಿ ಇದು ಅಲ್ಲಲ್ಲಿ ನಾಲ್ಕು ಜನರ ಹೊಟ್ಟೆ ಕೆಡಿಸುತ್ತದೆ. ನೆರೆ ಬಂದಾಗ ಪೈಪು ಪೂರ್ತಿ ಕೊಳಚೆಯೊಳಗೆ ಮುಳುಗಿರುತ್ತದೆ. ಪಂಪ್ ಮತ್ತೆ ಶುರು ಮಾಡಿದ ದಿನ ಮೊದಲು ಬರುವುದು ಅದೇ ನೀರು.

ನೈಟ್ ಡ್ಯೂಟಿ:
ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ಶಿಬಿರದಲ್ಲಿ ನರ್ಸ್ ಆಗಿ ಕೆಲಸ ಮಾಡಿದ್ದೇನೆ. ಕುದಿಸಿ ಕುಡಿಯಿರಿ ಅಂತ ನಾವು ಮೈಕ್‌ನಲ್ಲಿ ಹೇಳುತ್ತಿದ್ದೆವು. ಒಬ್ಬ ಅಜ್ಜಿ ಬಂದು, "ಕುದಿಸೋಕೆ ನಿಮ್ಮ ಮೈಕ್ ಮೇಲೆ ಇಡಲಾ?" ಅಂತ ಕೇಳಿದರು. ಆಮೇಲೆ ಕ್ಲೋರಿನ್ ಮಾತ್ರೆ ಹಂಚಿದೆವು.

ಅದರಲ್ಲೂ ಗಮನ ಬೇಕು. ನೀರು ಕದಡಿದ್ದರೆ ಮೊದಲು ದಪ್ಪ ಬಟ್ಟೆಯಲ್ಲಿ ಸೋಸಬೇಕು, ಇಲ್ಲದಿದ್ದರೆ ಕ್ಲೋರಿನ್ ಎಲ್ಲ ಆ ಕೆಸರಿಗೇ ಖರ್ಚಾಗುತ್ತದೆ. ಮಾತ್ರೆ ಹಾಕಿ ಅರ್ಧ ಗಂಟೆ ಬಿಡಬೇಕು. ಬಾಯಾರಿ ನಿಂತ ಮಗುವಿಗೆ ಅರ್ಧ ಗಂಟೆ ಕಾಯಿ ಎನ್ನುವುದು ಎಷ್ಟು ಕಷ್ಟ ಅಂತ ಅಲ್ಲಿ ನಿಂತವರಿಗೇ ಗೊತ್ತು.

ಗಾಳಿಪಟ:
ಅಜ್ಜಿಗೆ ನನ್ನ ನಮಸ್ಕಾರ 😄

ಅರ್ಧಚಂದ್ರ:
ಬಟ್ಟೆಯಲ್ಲಿ ಸೋಸುವುದು ಅಂದಾಗ ನೆನಪಾಯಿತು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೇ ಸೀರೆಯನ್ನು ಕೆಲವು ಮಡಿಕೆ ಮಡಿಸಿ ಅದರಲ್ಲಿ ನೀರು ಸೋಸಿ ನೋಡಿದರು. ಕಾಲರಾ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. 2003ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಕಾಲರಾ ರೋಗಾಣು ನೀರಿನಲ್ಲಿರುವ ಸಣ್ಣ ಸಣ್ಣ ಜೀವಿಗಳಿಗೆ ಅಂಟಿಕೊಂಡಿರುತ್ತದಂತೆ. ಆ ಜೀವಿಗಳು ಬಟ್ಟೆಯಲ್ಲಿ ನಿಂತರೆ ರೋಗಾಣುವೂ ಬಹುಪಾಲು ನಿಲ್ಲುತ್ತದೆ. ಹೊಸ ಸೀರೆಗಿಂತ ಹಳೇದು ವಾಸಿ, ಯಾಕೆಂದರೆ ಒಗೆದೂ ಒಗೆದೂ ನೂಲು ಉಬ್ಬಿ ಸಂದು ಸಣ್ಣದಾಗಿರುತ್ತದೆ.

ನೇರಮಾತು:
ನೋಡಿ, ನೀವೇ ಹೇಳಿದಿರಿ. ದುಡ್ಡಿಲ್ಲದೆಯೂ ಉಪಾಯ ಇದೆ. ಅಂದರೆ ತಿಳಿವಳಿಕೆ ಮುಖ್ಯ.

ಹಳೇ ಸ್ಟೆತಸ್ಕೋಪ್:
ಅರ್ಧ ಕಡಿಮೆಯಾಯಿತು ಅಂದರೆ ಉಳಿದರ್ಧ ಹಾಗೇ ಇದೆ ಅಂತಾಯಿತು ಸ್ವಾಮಿ. ಶ್ರೀಮಂತರ ಮನೆಯಲ್ಲಿ ಯಾರೂ ಸೀರೆಯಲ್ಲಿ ಸೋಸಿ ಅರ್ಧ ಕಾಲರಾ ತಪ್ಪಿಸಿಕೊಳ್ಳುವುದಿಲ್ಲ.

ಮೂಲ ಪ್ರಶ್ನೆಗೆ ಬರುತ್ತೇನೆ. ವಿಪತ್ತಿನ ನಂತರದ ಕಾಯಿಲೆಗಳು ಒಂದೇ ಸಲ ಬರುವುದಿಲ್ಲ, ಸರದಿ ಪ್ರಕಾರ ಬರುತ್ತವೆ. ಮೊದಲ ದಿನಗಳಲ್ಲಿ ಗಾಯ, ಮುಳುಗಡೆ, ಹಾವು ಕಡಿತ. ಒಣ ದಿಬ್ಬ ಹುಡುಕಿಕೊಂಡು ಮನುಷ್ಯರೂ ಹೋಗುತ್ತಾರೆ, ಹಾವೂ ಹೋಗುತ್ತದೆ. ಕೆಲವೇ ದಿನಕ್ಕೆ ವಾಂತಿ ಭೇದಿ. ಸಾಮಾನ್ಯವಾಗಿ ಒಂದೆರಡು ವಾರಕ್ಕೆ ಇಲಿ ಜ್ವರ. ಇಲಿಯ ಮೂತ್ರ ನೆರೆ ನೀರಿಗೆ ಸೇರುತ್ತದೆ, ಕಾಲಿನ ಸಣ್ಣ ಗಾಯದಿಂದ ರೋಗಾಣು ಒಳಗೆ ಹೋಗುತ್ತದೆ. ಮೊದಲು ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪು. ಕೆಲವರಿಗೆ ಕಾಮಾಲೆ ಬಂದು ಮೂತ್ರಪಿಂಡ ಕೈಕೊಡುತ್ತದೆ. 2005ರ ಜುಲೈ 26ರಂದು ಮುಂಬೈನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಬಿತ್ತಲ್ಲ, ಅದರ ನಂತರವೂ 2018ರ ಕೇರಳದ ನೆರೆಯ ನಂತರವೂ ಇದು ಜೋರಾಗಿ ಕಾಡಿತು.

ಸೊಳ್ಳೆಯದ್ದು ಇನ್ನೂ ತಡ. ಹರಿಯುವ ನೀರು ಮೊದಲು ಸೊಳ್ಳೆ ಮರಿಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಹಾಗಾಗಿ ಮೊದಲು ಸೊಳ್ಳೆ ಕಡಿಮೆಯಾದಂತೆ ಕಾಣುತ್ತದೆ. ನೀರು ಇಳಿದು ಹೊಂಡಗಳಲ್ಲಿ ನಿಂತ ಮೇಲೆ ಶುರು. ಮಲೇರಿಯಾ ಏರುವ ಹೊತ್ತಿಗೆ ಆರರಿಂದ ಎಂಟು ವಾರ ಆಗಿರುತ್ತದೆ. ಅಷ್ಟರಲ್ಲಿ ಕ್ಯಾಮೆರಾದವರೂ ಹೋಗಿರುತ್ತಾರೆ, ಶಿಬಿರದ ವೈದ್ಯರೂ ಹೋಗಿರುತ್ತಾರೆ.

ಈ ಸರದಿಯಲ್ಲಿ ಒಂದೊಂದರಿಂದಲೂ ತಪ್ಪಿಸಿಕೊಳ್ಳಲು ಏನೋ ಒಂದು ಬೇಕು. ಬೂಟು ಬೇಕು, ಒಣ ನೆಲ ಬೇಕು, ಎರಡು ದಿನ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗುವಷ್ಟು ಅನುಕೂಲ ಬೇಕು. ಯಾವುದೂ ಇಲ್ಲದವರು ಎಲ್ಲ ಸುತ್ತಿನಲ್ಲೂ ಸಿಕ್ಕಿಬೀಳುತ್ತಾರೆ.

ಪ್ರಶ್ನೆಪತ್ರಿಕೆ:
ಆರೇಳು ವಾರ ಆದ ಮೇಲೆ ಬರುವುದು ಅಂತ ಗೊತ್ತಿದ್ದರೆ ಮೊದಲೇ ತಯಾರಿ ಮಾಡಬಹುದಲ್ವಾ? ಯಾಕೆ ಪ್ರತಿ ಸಲ ಅದೇ ಕಥೆ?

ಚಾರ್ಟ್ ಪ್ರೇಮಿ:
ಮಾಡಿದವರೂ ಇದ್ದಾರೆ. 2019ರ ಮಾರ್ಚ್‌ನಲ್ಲಿ ಇಡಾಯ್ ಚಂಡಮಾರುತ ಆಫ್ರಿಕಾದ ಮೊಜಾಂಬಿಕ್ ದೇಶದ ಬೈರಾ ಊರಿಗೆ ಬಡಿಯಿತು. ಕಾಲರಾ ಬಂತು, 6,000ಕ್ಕೂ ಹೆಚ್ಚು ಜನಕ್ಕೆ ಹರಡಿತು. ಆದರೆ ಏಪ್ರಿಲ್ ಮೊದಲ ವಾರದಲ್ಲೇ ಬಾಯಿಗೆ ಹಾಕುವ ಲಸಿಕೆ ಶುರು ಮಾಡಿ 8 ಲಕ್ಷಕ್ಕೂ ಹೆಚ್ಚು ಜನಕ್ಕೆ ಕೊಟ್ಟರು. ಸತ್ತವರು ಹತ್ತಕ್ಕಿಂತ ಕಡಿಮೆ. ಅದೂ ಬಡ ದೇಶವೇ, ಅದೇ ಕಾಲರಾವೇ. ಲಸಿಕೆ, ಚಿಕಿತ್ಸೆ ಎರಡೂ ಬೇಗ ತಲುಪಿದವು.

ಮೂಲೆಮನೆ:
ಇಲ್ಲಿ ಯಾರೂ ಹೆಣಗಳ ಬಗ್ಗೆ ಹೇಳಲಿಲ್ಲ. ಕೊಳೆತ ಶವಗಳಿಂದಲೇ ಅಲ್ವಾ ದೊಡ್ಡ ದೊಡ್ಡ ರೋಗ ಹರಡುವುದು? ಅದಕ್ಕೇ ಬೇಗ ಬೇಗ ಒಟ್ಟಿಗೆ ಹೂಳುತ್ತಾರೆ.

ಹಳೇ ಸ್ಟೆತಸ್ಕೋಪ್:
ಅಲ್ಲ. ಇದು ಬಹಳ ಹಳೇ ನಂಬಿಕೆ, ಎಷ್ಟು ಸಲ ಹೇಳಿದರೂ ಹೋಗುವುದಿಲ್ಲ. ಭೂಕಂಪದಲ್ಲಿ, ನೆರೆಯಲ್ಲಿ ಸತ್ತವರು ಗಾಯದಿಂದಲೋ ಮುಳುಗಿಯೋ ಸತ್ತಿರುತ್ತಾರೆ, ಸಾಂಕ್ರಾಮಿಕ ರೋಗದಿಂದ ಅಲ್ಲ. ಸತ್ತ ದೇಹದಲ್ಲಿ ಹೆಚ್ಚಿನ ರೋಗಾಣುಗಳು ಬಹಳ ಹೊತ್ತು ಬದುಕುವುದೂ ಇಲ್ಲ. ಶವ ಎತ್ತುವವರು ಕೈಗವಸು ಹಾಕಬೇಕು, ಕುಡಿಯುವ ನೀರಿನ ಮೂಲದಲ್ಲಿ ಶವ ಬಿದ್ದಿದ್ದರೆ ತೆಗೆಯಬೇಕು. ಕಾಲರಾದಿಂದಲೇ ಸತ್ತವರ ವಿಷಯ ಬೇರೆ, ಅಲ್ಲಿ ಎಚ್ಚರಿಕೆ ಬೇಕೇ ಬೇಕು. ಅದು ಬಿಟ್ಟರೆ ವಿಶ್ವ ಆರೋಗ್ಯ ಸಂಸ್ಥೆ ವರ್ಷಗಳಿಂದ ಇದನ್ನೇ ಹೇಳುತ್ತಿದೆ: ಗುರುತು ಹಚ್ಚದೆ ಗುಂಡಿಗೆ ಹಾಕಬೇಡಿ.

ಸಾಲಗಾರ:
ಇದಕ್ಕೂ ಬಡವರಿಗೂ ನೇರ ಸಂಬಂಧ ಇದೆ. ಗುರುತು ಹಚ್ಚದೆ ಹೂತರೆ ಮರಣ ಪತ್ರ ಇಲ್ಲ. ಮರಣ ಪತ್ರ ಇಲ್ಲದಿದ್ದರೆ ಪರಿಹಾರ ಇಲ್ಲ, ವಿಮೆ ಇಲ್ಲ, ಜಮೀನು ಹೆಂಡತಿ ಹೆಸರಿಗೆ ಬರುವುದಿಲ್ಲ. ದುಡಿಯುವವನೂ ಹೋದ, ಕಾಗದವೂ ಹೋಯಿತು. ಮಕ್ಕಳ ಊಟಕ್ಕೆ ಕತ್ತರಿ ಬೀಳುವುದು ಅಲ್ಲಿಂದಲೇ.

ಮೂಲೆಮನೆ:
ಹಾಗಾದರೆ 2010ರಲ್ಲಿ ಕೆರಿಬಿಯನ್ ಕಡೆಯ ಹೈಟಿ ದೇಶದಲ್ಲಿ ಭೂಕಂಪ ಆಗಿ ಲಕ್ಷಾಂತರ ಜನ ಸತ್ತು, ಅದೇ ವರ್ಷ ಕಾಲರಾ ಬಂತಲ್ಲ. ಅದು ಹೇಗೆ?

ಚಾರ್ಟ್ ಪ್ರೇಮಿ:
ಅದು ಶವದಿಂದಲ್ಲ, ಭೂಕಂಪದಿಂದಲೂ ನೇರವಾಗಿ ಅಲ್ಲ. ಭೂಕಂಪ ಆದದ್ದು ಜನವರಿ 12ರಂದು, ರಾಜಧಾನಿಯ ಹತ್ತಿರ. ಕಾಲರಾ ಕಾಣಿಸಿದ್ದು ಅಕ್ಟೋಬರ್‌ನಲ್ಲಿ, ಆರ್ತಿಬೊನೀತ್ ನದಿಯ ಕಡೆ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಒಂದು ಶಿಬಿರದ ಮಲಿನ ನೀರು ಆ ನದಿಯ ಉಪನದಿಗೆ ಸೇರಿತ್ತು. ಅಲ್ಲಿಂದ ಶುರುವಾಗಿ 8 ಲಕ್ಷ ಜನರಿಗೆ ತಗುಲಿತು, ಹತ್ತು ಸಾವಿರದ ಹತ್ತಿರ ಜನ ಸತ್ತರು. 2016ರ ಡಿಸೆಂಬರ್‌ನಲ್ಲಿ ಆಗಿನ ವಿಶ್ವಸಂಸ್ಥೆ ಮುಖ್ಯಸ್ಥ ಬಾನ್ ಕಿ ಮೂನ್ ಹೈಟಿ ಜನರ ಕ್ಷಮೆ ಕೇಳಿದರು.

ನೇರಮಾತು:
ಅಂದರೆ ವಿಪತ್ತಿನಿಂದ ಕಾಯಿಲೆ ಬಂತು ಅನ್ನುವ ಮೂಲ ವಾದವೇ ಬಿದ್ದುಹೋಯಿತು. ಹೊರಗಿನವರು ತಂದದ್ದು.

ನಲ್ಲಿ ರಿಪೇರಿ:
ಹೊರಗಿನಿಂದ ಬಂದದ್ದು ರೋಗಾಣು. ಅದು 8 ಲಕ್ಷ ಜನಕ್ಕೆ ಹರಡೋಕೆ ದಾರಿ ಮೊದಲೇ ಇತ್ತು. ನದಿ ನೀರನ್ನು ಹಾಗೇ ಕುಡಿಯಬೇಕಾದ ಜನ, ಶೌಚಾಲಯ ಇಲ್ಲದ ಊರು, ಇಡೀ ರಾಜಧಾನಿಗೇ ಒಳಚರಂಡಿ ಇಲ್ಲ. ಅದೇ ರೋಗಾಣು ಶುದ್ಧ ನೀರು, ಒಳಚರಂಡಿ ಇರುವ ಊರಿಗೆ ಹೋಗಿ ಬಿದ್ದಿದ್ದರೆ ನಾಲ್ಕು ಜನಕ್ಕೆ ತಗುಲಿ ಅಲ್ಲೇ ನಿಲ್ಲುತ್ತಿತ್ತು.

ಇನ್ನೊಂದು ಹೋಲಿಕೆ ನೋಡಿ. ಹೈಟಿಯ ಭೂಕಂಪದ ತೀವ್ರತೆ 7.0. ಮುಂದಿನ ತಿಂಗಳೇ ಚಿಲಿಯಲ್ಲಿ 8.8 ಆಯಿತು. ಶಕ್ತಿಯಲ್ಲಿ ಸುಮಾರು 500 ಪಟ್ಟು ದೊಡ್ಡದು. ಚಿಲಿಯಲ್ಲಿ ಸತ್ತವರು 500ರ ಆಸುಪಾಸು. ಹೈಟಿಯಲ್ಲಿ ಅತ್ಯಂತ ಕಡಿಮೆ ಅಂದಾಜು ತೆಗೆದುಕೊಂಡರೂ ಹತ್ತಾರು ಸಾವಿರ ದಾಟುತ್ತದೆ, ಸರ್ಕಾರ ಹೇಳಿದ್ದು 3 ಲಕ್ಷಕ್ಕೂ ಮೇಲೆ. ಹೈಟಿಯಲ್ಲಿ ನಡುಕ ಊರಿನ ಬುಡಕ್ಕೇ ಹತ್ತಿರವಿತ್ತು, ಸರಿ, ಅದೂ ಒಂದು ಕಾರಣ. ಆದರೆ ಚಿಲಿಯಲ್ಲಿ ಕಟ್ಟಡ ನಿಯಮ ಇತ್ತು, ಅದನ್ನು ಪಾಲಿಸಿಯೂ ಇದ್ದರು.

ಗುಳಿಗೆ ಡಬ್ಬಿ:
ಎಲ್ಲರೂ ಕಾಲರಾ, ಮಲೇರಿಯಾ ಅಂತಿದ್ದೀರಿ. ನಾನು ಔಷಧಿ ಅಂಗಡಿಯವನು. ನನಗೆ ಕಾಣುವುದು ಬಿ.ಪಿ., ಶುಗರ್, ಫಿಟ್ಸ್, ಆಸ್ತಮಾ, ಟಿ.ಬಿ. ದಿನಾ ಮಾತ್ರೆ ತಿನ್ನಬೇಕಾದವರು. ಅನುಕೂಲಸ್ಥರ ಮನೆಯಲ್ಲಿ ಮೂರು ತಿಂಗಳ ಮಾತ್ರೆ ಒಟ್ಟಿಗೆ ಇರುತ್ತದೆ, ಡಾಕ್ಟರ ಚೀಟಿಯ ಫೋಟೋ ಮೊಬೈಲಿನಲ್ಲಿ ಇರುತ್ತದೆ. ಕೂಲಿಯವರು ವಾರಕ್ಕೆ ಬೇಕಾದಷ್ಟು, ಕೆಲವರು ಎರಡು ದಿನಕ್ಕೆ ಬೇಕಾದಷ್ಟು ಮಾತ್ರ ಕೊಳ್ಳುತ್ತಾರೆ. ನೀರು ನುಗ್ಗಿದ ಮೂರನೇ ದಿನ ಮಾತ್ರೆ ಖಾಲಿ, ಚೀಟಿ ಕರಗಿದೆ. "ಆ ಸಣ್ಣ ಬಿಳಿ ಮಾತ್ರೆ ಕೊಡಿ" ಅಂತ ಕೇಳುತ್ತಾರೆ. ಸಣ್ಣ ಬಿಳಿ ಮಾತ್ರೆ ನನ್ನ ಕಪಾಟಿನಲ್ಲಿ ನೂರು ಥರ ಇದೆ.

ಟಿ.ಬಿ.ಯವರದ್ದು ಇನ್ನೂ ಅಪಾಯ. ಸಾಮಾನ್ಯ ಟಿ.ಬಿ.ಗೆ ಆರು ತಿಂಗಳು ಬಿಡದೆ ತಿನ್ನಬೇಕು. ನಡುವೆ ನಿಂತರೆ ಔಷಧಿಗೆ ಬಗ್ಗದ ಟಿ.ಬಿ. ಆಗಬಹುದು. ಅಂಥವರು ಕಿಕ್ಕಿರಿದ ಶಿಬಿರದಲ್ಲಿ ಮಲಗಿದರೆ ಪಕ್ಕದವರಿಗೂ ಅದೇ ಹರಡುತ್ತದೆ.

ನೈಟ್ ಡ್ಯೂಟಿ:
ಇನ್ಸುಲಿನ್ ಮರೆತಿರಿ. ಕರೆಂಟ್ ಹೋದರೆ ಫ್ರಿಜ್ ಇಲ್ಲ. ನಾವು ಒದ್ದೆ ಬಟ್ಟೆ ಸುತ್ತಿದ ಮಡಕೆಯಲ್ಲಿ ಇಟ್ಟು ನಿಭಾಯಿಸಿದ್ದೇವೆ.

ಗುಳಿಗೆ ಡಬ್ಬಿ:
ಸರಿಯಾದ ಉಪಾಯ ಮೇಡಂ. ಬಾಟಲಿ ನೇರ ನೀರಿಗೆ ತಾಗದಂತೆ ಕವರ್‌ನಲ್ಲಿ ಇಟ್ಟರೆ ಆಯಿತು. ಬಳಸುತ್ತಿರುವ ಬಾಟಲಿ ತೀರಾ ಬಿಸಿ ಇಲ್ಲದ ಜಾಗದಲ್ಲಿ ಸುಮಾರು ನಾಲ್ಕು ವಾರ ತಡೆಯುತ್ತದೆ. ಐಸ್ ಮೇಲೆ ಮಾತ್ರ ಇಡಬೇಡಿ. ಹೆಪ್ಪುಗಟ್ಟಿದರೆ ಬಿಸಾಡಬೇಕು.

ಚಾರ್ಟ್ ಪ್ರೇಮಿ:
ಗುಳಿಗೆ ಡಬ್ಬಿ ಹೇಳಿದ್ದಕ್ಕೆ ಅಮೆರಿಕದ ಅಧೀನದಲ್ಲಿರುವ ಪೋರ್ಟೊ ರಿಕೊ ದ್ವೀಪ ಸಾಕ್ಷಿ. 2017ರ ಸೆಪ್ಟೆಂಬರ್‌ನಲ್ಲಿ ಮರಿಯಾ ಚಂಡಮಾರುತ ಬಂತು. ಸರ್ಕಾರ ತಿಂಗಳುಗಟ್ಟಲೆ ಹೇಳಿದ ಸಾವಿನ ಸಂಖ್ಯೆ 64. ಆಮೇಲೆ ಸರ್ಕಾರವೇ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ಅಧ್ಯಯನ ಮಾಡಿಸಿತು. 2018ರ ಫೆಬ್ರುವರಿವರೆಗೆ ಆದ ಹೆಚ್ಚುವರಿ ಸಾವು, ಅಂದರೆ ಮಾಮೂಲಿಗಿಂತ ಜಾಸ್ತಿ ಆದ ಸಾವು, 2,975 ಎಂದು ಬಂತು.

64 ಎಲ್ಲಿ, 2,975 ಎಲ್ಲಿ! ಉಳಿದವರನ್ನೆಲ್ಲ ಗಾಳಿ ಹಾರಿಸಿಕೊಂಡು ಹೋಗಲಿಲ್ಲ. ಅಲ್ಲಿ ತಿಂಗಳುಗಟ್ಟಲೆ ಕರೆಂಟ್ ಇರಲಿಲ್ಲ. ಡಯಾಲಿಸಿಸ್, ಆಕ್ಸಿಜನ್ ಯಂತ್ರ, ಫ್ರಿಜ್‌ನಲ್ಲಿಡುವ ಔಷಧಿ, ಎಲ್ಲಕ್ಕೂ ಪೆಟ್ಟು ಬಿತ್ತು. ಪ್ರಶ್ನೆಪತ್ರಿಕೆ ಕೇಳಿದ್ದಕ್ಕೆ ಇದಕ್ಕಿಂತ ನೇರ ಉತ್ತರ ಸಿಗುವುದು ಕಷ್ಟ: ಅನುಕೂಲಸ್ಥರ ಪ್ರದೇಶಗಳಲ್ಲಿ ಸಾವಿನ ಪ್ರಮಾಣ ಬೇಗ ಮಾಮೂಲಿಗೆ ಇಳಿಯಿತು. ಅತಿ ಬಡ ಪ್ರದೇಶಗಳಲ್ಲಿ ಅಧ್ಯಯನ ಮುಗಿಯುವ ತನಕವೂ ಇಳಿಯಲೇ ಇಲ್ಲ.

ನೇರಮಾತು:
ಈ ಅಂಕಿಯಲ್ಲಿ ಸತ್ಯ ಇದೆ, ಒಪ್ಪೋಣ. ಆದರೆ ತಗ್ಗಿನಲ್ಲಿ, ನದಿ ದಂಡೆಯಲ್ಲಿ ಮನೆ ಕಟ್ಟು ಅಂತ ಯಾರು ಹೇಳಿದ್ದು? ಪ್ರತಿ ವರ್ಷ ನೀರು ಬರುತ್ತದೆ ಅಂತ ಗೊತ್ತು. ಎಚ್ಚರಿಕೆ ಕೊಟ್ಟರೂ ಮನೆ ಬಿಟ್ಟು ಬರುವುದಿಲ್ಲ.

ಸಾಲಗಾರ:
ಎತ್ತರದ ಜಾಗದ ಬಾಡಿಗೆ ನೀವು ಕೊಡ್ತೀರಾ?

ಅರ್ಧಚಂದ್ರ:
ಸಿಟ್ಟು ಬೇಡ, ಆದರೆ ಸಾಲಗಾರ ಹೇಳಿದ್ದೇ ನಿಜ. ಕೆಲಸ ಸಿಗುವ ಊರಿನಲ್ಲಿ ಬಡವರ ಕೈಗೆಟಕುವುದು ಬೇರೆ ಯಾರಿಗೂ ಬೇಡವಾದ ಜಾಗ. ಕಾಲುವೆ ಅಂಚು, ಗುಡ್ಡದ ಇಳಿಜಾರು, ಕಸದ ಗುಂಡಿಯ ಪಕ್ಕ.

ಮನೆ ಬಿಡದಿರುವುದಕ್ಕೂ ಕಾರಣ ಇದೆ. ದನ, ಮೇಕೆ, ಹೊಲಿಗೆ ಯಂತ್ರ, ಅದೇ ಅವರ ಬ್ಯಾಂಕ್ ಖಾತೆ. ಬಾಂಗ್ಲಾದೇಶದವರು ಇದನ್ನು ಅರ್ಥ ಮಾಡಿಕೊಂಡರು. ಕೆಲವು ಆಶ್ರಯ ಕಟ್ಟಡಗಳಲ್ಲಿ ಜಾನುವಾರಿಗೂ ಜಾಗ ಮಾಡಿದರು. 1970ರ ಭೋಲಾ ಚಂಡಮಾರುತದಲ್ಲಿ ಅಲ್ಲಿ ಕಡಿಮೆ ಎಂದರೂ 3 ಲಕ್ಷ ಜನ ಸತ್ತಿದ್ದರು. 2007ರ ಸಿದ್ರ್ ಕೂಡ ಬಹಳ ಬಲವಾದದ್ದೇ, ಸತ್ತವರು ಸುಮಾರು 3,400. ಎಚ್ಚರಿಕೆ, ಸ್ವಯಂಸೇವಕರು, ಆಶ್ರಯ ಕಟ್ಟಡ ಬಂದ ಮೇಲಿನ ಲೆಕ್ಕ ಇದು. ಒಡಿಶಾದಲ್ಲೂ 1999ರಲ್ಲಿ ಹತ್ತು ಸಾವಿರದಷ್ಟು ಜನ ಸತ್ತರು, 2013ರ ಫೈಲಿನ್‌ನಲ್ಲಿ ನೂರಕ್ಕಿಂತ ಕಡಿಮೆ. ಜನ ಅದೇ ಜನ, ಬಡತನವೂ ಪೂರ್ತಿ ಹೋಗಿರಲಿಲ್ಲ.

ಗಾಳಿಪಟ:
ಆದರೆ ಜೀವ ಉಳಿದ ಮೇಲಿನ ಕಥೆ? ಸಮುದ್ರದ ನೀರು ಕೆರೆಗೆ ನುಗ್ಗಿದರೆ ಆ ನೀರು ಎಷ್ಟು ವರ್ಷ ಕುಡಿಯೋಕೆ ಬರುವುದಿಲ್ಲ?

ಹಳೇ ಸ್ಟೆತಸ್ಕೋಪ್:
ಒಳ್ಳೇ ಪ್ರಶ್ನೆ. ಬರುವುದಿಲ್ಲ ಅಂತ ಗೊತ್ತಿದ್ದರೂ ಕುಡಿಯುತ್ತಾರೆ, ಬೇರೆ ಇಲ್ಲವಲ್ಲ. ಬಾಂಗ್ಲಾದೇಶದ ಕರಾವಳಿಯಲ್ಲಿ ಗರ್ಭಿಣಿಯರಿಗೆ ರಕ್ತದೊತ್ತಡ ಜಾಸ್ತಿ ಕಾಣಿಸಿತು. ಮಳೆಗಾಲಕ್ಕಿಂತ ಒಣ ಋತುವಿನಲ್ಲಿ ಹೆಚ್ಚು. ಒಣ ಋತುವಿನಲ್ಲಿ ಕೆರೆ, ಬಾವಿಯ ನೀರು ಇನ್ನೂ ಉಪ್ಪಾಗುತ್ತದೆ. ಊಟದಲ್ಲಿ ಉಪ್ಪು ಕಡಿಮೆ ಮಾಡಿ ಅಂತ ಡಾಕ್ಟರು ಹೇಳಬಹುದು. ನೀರಿನಲ್ಲೇ ಉಪ್ಪಿದ್ದರೆ ಏನು ಹೇಳೋಣ? ಚಂಡಮಾರುತ ಹೋಗಿ ವರ್ಷ ಆದ ಮೇಲೆ ಗರ್ಭಿಣಿಯೊಬ್ಬಳು ರಕ್ತದೊತ್ತಡ ಏರಿ ಸತ್ತರೆ ಅದನ್ನು ಚಂಡಮಾರುತದ ಲೆಕ್ಕಕ್ಕೆ ಯಾರೂ ಸೇರಿಸುವುದಿಲ್ಲ.

ನೈಟ್ ಡ್ಯೂಟಿ:
ಹೆಂಗಸರ ಮಾತು ಬಂದದ್ದಕ್ಕೆ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಶಿಬಿರದಲ್ಲಿ ಶೌಚಾಲಯ ದೂರ, ದೀಪ ಇಲ್ಲ, ಬಾಗಿಲಿಗೆ ಚಿಲಕ ಇಲ್ಲ. ಸ್ಫಿಯರ್ ಮಾನದಂಡದ ಪ್ರಕಾರ 20 ಜನಕ್ಕೊಂದು, ತುರ್ತಿನ ಮೊದಲ ಹಂತದಲ್ಲಿ 50 ಜನಕ್ಕೊಂದು ಇರಬೇಕು. ನಾನು ನೋಡಿದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಜನ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಹೆಂಗಸರು ಏನು ಮಾಡುತ್ತಾರೆ? ನೀರು ಕುಡಿಯುವುದನ್ನೇ ಬಿಡುತ್ತಾರೆ. ಕತ್ತಲಾಗುವ ತನಕ ತಡೆದುಕೊಳ್ಳುತ್ತಾರೆ. ಉರಿಮೂತ್ರ, ಜ್ವರ ಅಂತ ನಮ್ಮ ಹತ್ತಿರ ಬರುವ ಹೊತ್ತಿಗೆ ಸೋಂಕು ಮೇಲೇರಿರುತ್ತದೆ. ಮುಟ್ಟಿನ ಬಟ್ಟೆ ತೊಳೆದು ಬಿಸಿಲಿಗೆ ಒಣಗಿಸೋಕೆ ಜಾಗ ಇಲ್ಲ, ಒದ್ದೆಯದ್ದನ್ನೇ ಮತ್ತೆ ಬಳಸುತ್ತಾರೆ.

ಇನ್ನೊಂದು ದಾನದ ಪುಡಿ ಹಾಲು. ಕೊಡುವವರಿಗೆ ಪುಣ್ಯದ ಕೆಲಸ ಅನ್ನಿಸುತ್ತದೆ. ಎದೆಹಾಲು ಕುಡಿಯುತ್ತಿದ್ದ ಮಗುವಿಗೆ ಕೆಟ್ಟ ನೀರಿನಲ್ಲಿ ಕಲಸಿದ ಪುಡಿ ಹಾಲು ಕೊಟ್ಟರೆ ಭೇದಿ ಹಿಡಿಯಿತು ಅಂತಲೇ ಅರ್ಥ. 2006ರಲ್ಲಿ ಇಂಡೊನೇಷ್ಯಾದ ಯೋಗ್ಯಕರ್ತಾ ಭೂಕಂಪದ ನಂತರ ಇದನ್ನು ಅಳೆದು ನೋಡಿದ್ದಾರೆ. ದಾನದ ಪುಡಿ ಹಾಲು ಸಿಕ್ಕ ಪುಟ್ಟ ಮಕ್ಕಳಲ್ಲಿ ಭೇದಿ ಸಿಗದವರ ಎರಡು ಪಟ್ಟಿನಷ್ಟಿತ್ತು. ಗಾಬರಿಯಾದ ತಾಯಿಗೆ ಹಾಲು ಬತ್ತುತ್ತದೆ ಎನ್ನುತ್ತಾರೆ. ಹೆಚ್ಚಾಗಿ ಹರಿವು ಸ್ವಲ್ಪ ಹೊತ್ತು ತಡವಾಗುತ್ತದೆ ಅಷ್ಟೇ. ತಾಯಿಗೆ ಊಟ, ನೀರು, ಒಂದು ಮರೆ ಕೊಟ್ಟು ಮಗುವನ್ನು ಎದೆಗೆ ಹಚ್ಚುತ್ತಿದ್ದರೆ ಸಾಕು. ತಾಯಿ ಇಲ್ಲದ ಕೂಸಿಗೆ ಪುಡಿ ಹಾಲು ಬೇಕು, ಇಲ್ಲ ಅನ್ನುವುದಿಲ್ಲ. ಅದನ್ನು ಅಳತೆ ನೋಡಿ ಕೊಡುವವರು ಬೇರೆ ಇರುತ್ತಾರೆ. ಲಾರಿಯಿಂದ ಎಸೆಯಬೇಡಿ.

ಗುಳಿಗೆ ಡಬ್ಬಿ:
ಲಾರಿಯಿಂದ ಎಸೆಯುವ ಔಷಧಿ ಕಥೆಯೂ ಅಷ್ಟೇ. 1988ರ ಅರ್ಮೇನಿಯಾ ಭೂಕಂಪಕ್ಕೆ ಜಗತ್ತಿನ ಎಲ್ಲ ಕಡೆಯಿಂದ ಬಂದ ಔಷಧಿ, ಸಾಮಾನು ಸುಮಾರು 5,000 ಟನ್. ಬರೀ ವಿಂಗಡಿಸೋಕೆ 50 ಜನಕ್ಕೆ ಆರು ತಿಂಗಳು ಬೇಕಾಯಿತು. ಬೇರೆ ಬೇರೆ ಭಾಷೆಯ ಚೀಟಿ, ಅವಧಿ ಮುಗಿದ ಮಾತ್ರೆ, ಚಳಿಗೆ ಹೆಪ್ಪುಗಟ್ಟಿದ್ದು. ದಾನದ ಔಷಧಿಗೆ ತಲುಪಿದ ಮೇಲೆ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಆಮೇಲೆ ನಿಯಮವನ್ನೇ ಮಾಡಿತು. ಮನೆಯ ಡ್ರಾಯರ್ ಖಾಲಿ ಮಾಡುವುದು ದಾನ ಅಲ್ಲ.

ಮೂಲೆಮನೆ:
ಹಳೇ ಬಟ್ಟೆಯದ್ದೂ ಇದೇ ಗತಿ. ಜರತಾರಿ ಸೀರೆ, ಕೋಟು, ಒಂಟಿ ಚಪ್ಪಲಿ. ಒಂಟಿ ಚಪ್ಪಲಿ ಯಾಕೆ ಕೊಡುತ್ತಾರೋ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಗಾಳಿಪಟ:
ಇನ್ನೊಂದು ಚಪ್ಪಲಿ ಇನ್ನೊಂದು ಲಾರಿಯಲ್ಲಿ ಬರುತ್ತಿರಬೇಕು.

ಪ್ರಶ್ನೆಪತ್ರಿಕೆ:
😂 ಸರಿ, ದಾರಿಗೆ ಬರೋಣ. ಎಲ್ಲರೂ ನೆರೆ, ಗಾಳಿ ಅಂತಿದ್ದೀರಿ. ಬರ ಮತ್ತು ಬಿಸಿಗಾಳಿ ಲೆಕ್ಕಕ್ಕೆ ಇಲ್ಲವಾ?

ಚಾರ್ಟ್ ಪ್ರೇಮಿ:
ಬಿಸಿಗಾಳಿಗೆ ಸದ್ದಿಲ್ಲ, ಹಾಗಾಗಿ ಸುದ್ದಿಯೂ ಇಲ್ಲ. 1995ರ ಜುಲೈನಲ್ಲಿ ಷಿಕಾಗೊದಲ್ಲಿ 700ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಒಂಟಿಯಾಗಿದ್ದ ಬಡ ಮುದುಕರು. ಕಳ್ಳರ ಭಯಕ್ಕೆ ಕಿಟಕಿ ಮುಚ್ಚಿಕೊಂಡು, ಏ.ಸಿ. ಇಲ್ಲದ ಕೋಣೆಯಲ್ಲಿ. ಶ್ರೀಮಂತ ದೇಶದಲ್ಲೂ ಸತ್ತವರು ಅವರೇ ನೋಡಿ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳಲ್ಲಿ ಸಾಮಾನ್ಯಕ್ಕಿಂತ 1,300ರಷ್ಟು ಹೆಚ್ಚು ಸಾವಾಯಿತು. 2013ರಲ್ಲಿ ಅವರು ಬಿಸಿಗಾಳಿಗೆ ಅಂತಲೇ ಒಂದು ಯೋಜನೆ ಮಾಡಿದರು. ಮುನ್ನೆಚ್ಚರಿಕೆ, ಆಸ್ಪತ್ರೆ ಸಿಬ್ಬಂದಿಗೆ ತರಬೇತಿ, ನೀರು, ನೆರಳು. ಆಮೇಲೆ ಬೇರೆ ಊರುಗಳೂ ಅನುಸರಿಸಿದವು.

ಸಾಲಗಾರ:
ಮಧ್ಯಾಹ್ನ ಹೊರಗೆ ಹೋಗಬೇಡಿ ಅಂತ ಸಂದೇಶ ಬರುತ್ತದೆ. ದಿನಗೂಲಿಯವನು ಮಧ್ಯಾಹ್ನ ಹೋಗದಿದ್ದರೆ ರಾತ್ರಿ ಊಟ ಇಲ್ಲ. ಕೆಲಸದ ಹೊತ್ತು ಬದಲಿಸುವುದು ಮೇಸ್ತ್ರಿ ಕೈಯಲ್ಲಿ, ಸಂದೇಶ ಬರುವುದು ಮಾತ್ರ ಕೂಲಿಯವನ ಫೋನಿಗೆ.

ಬರದ್ದು ಇನ್ನೂ ನಿಧಾನ. ಬೆಳೆ ಹೋಗುತ್ತದೆ, ದನ ಮಾರುತ್ತಾರೆ, ಹಾಲು ನಿಲ್ಲುತ್ತದೆ, ಗುಳೆ ಹೋಗುತ್ತಾರೆ. ಗುಳೆ ಹೋದ ಕಡೆ ಮಗುವಿನ ಲಸಿಕೆ ತಪ್ಪುತ್ತದೆ. ಸಾಲ ಮಾಡಿ ಆಸ್ಪತ್ರೆ ಬಿಲ್ ಕಟ್ಟುತ್ತಾರೆ, ಆ ಸಾಲ ತೀರಿಸೋಕೆ ಊಟ ಕಡಿಮೆ ಮಾಡುತ್ತಾರೆ, ಊಟ ಕಡಿಮೆಯಾಗಿ ಮತ್ತೆ ಕಾಯಿಲೆ. ನನ್ನ ಈ ಹೆಸರು ಸುಮ್ನೆ ಇಟ್ಟುಕೊಂಡದ್ದಲ್ಲ. ಅಪ್ಪನ ಚಿಕಿತ್ಸೆಗೆ ಮಾಡಿದ ಸಾಲ ಅಪ್ಪ ಹೋದ ಮೇಲೂ ಇದೆ.

ಹಳೇ ಸ್ಟೆತಸ್ಕೋಪ್:
ಸಾಲಗಾರ ಹೇಳಿದ್ದು ಪೂರ್ತಿ ವೈದ್ಯಶಾಸ್ತ್ರವೇ. ಹೊಟ್ಟೆಗೆ ಸರಿಯಾಗಿ ಇಲ್ಲದ ಮಗುವಿಗೆ ದಡಾರ ಬಂದರೆ ಅದು ಸಾಮಾನ್ಯ ದಡಾರ ಅಲ್ಲ, ನ್ಯುಮೋನಿಯಾ, ಭೇದಿ ಜೊತೆಗೇ ಬರುತ್ತವೆ. 2011ರ ಸೊಮಾಲಿಯಾ ಕ್ಷಾಮದಲ್ಲಿ ಸುಮಾರು 2.6 ಲಕ್ಷ ಜನ ಸತ್ತರು, ಅರ್ಧ ಭಾಗ ಐದು ವರ್ಷದೊಳಗಿನ ಮಕ್ಕಳು. ಹಸಿವೊಂದೇ ಕೊಂದದ್ದಲ್ಲ, ಹಸಿವಿನಿಂದ ಸೊರಗಿದ ಮೈಗೆ ದಡಾರ, ಭೇದಿ ತಗುಲಿ ಸತ್ತರು. ಅಲ್ಲಿ ಬರದ ಜೊತೆ ಯುದ್ಧವೂ ಇತ್ತು, ಅದನ್ನೂ ಹೇಳಬೇಕು. ಶಿಬಿರ ಶುರುವಾದ ಕೂಡಲೇ ದಡಾರದ ಲಸಿಕೆ, ವಿಟಮಿನ್ ಎ ಕೊಡಿ ಅಂತ ಅದಕ್ಕೇ ಒತ್ತಾಯ ಮಾಡುವುದು.

ನೇರಮಾತು:
ಸರಿ, ಸಾಲಗಾರ ಅವರ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಆದರೂ ಒಂದು ಕೇಳುತ್ತೇನೆ, ಬೈಯಬೇಡಿ. ಒಳಚರಂಡಿ, ಎತ್ತರದ ಮನೆ, 24 ಗಂಟೆ ನೀರು, ಇದೆಲ್ಲ ಆಗೋಕೆ ಇಪ್ಪತ್ತು ವರ್ಷ ಬೇಕು. ಮುಂದಿನ ಮಳೆಗೆ ಏನು ಮಾಡೋಣ? ತಿಳಿವಳಿಕೆ ಅಂತ ನಾನು ಹೇಳಿದ್ದು ಅದಕ್ಕೇ.

ನಲ್ಲಿ ರಿಪೇರಿ:
ಈ ಪ್ರಶ್ನೆ ನ್ಯಾಯವಾದದ್ದು. ನಮ್ಮ ಇಲಾಖೆ ಕಡೆಯಿಂದ ಹೇಳುವುದಾದರೆ, ಮಳೆಗಾಲಕ್ಕೆ ಮುಂಚೆ ತಗ್ಗಿನ ಬಡಾವಣೆಗಳ ಕೈಪಂಪಿನ ಕಟ್ಟೆ ಎತ್ತರ ಮಾಡಬೇಕು. ಕ್ಲೋರಿನ್ ಮೊದಲೇ ದಾಸ್ತಾನು ಇರಬೇಕು, ಅದೂ ಆಯಾ ಬಡಾವಣೆಯಲ್ಲೇ. ದೂರದ ಉಗ್ರಾಣದಲ್ಲಿ ಇದ್ದು ರಸ್ತೆ ಮುಳುಗಿದರೆ ಏನು ಪ್ರಯೋಜನ? ಪಂಪ್ ಶುರು ಮಾಡಿದ ಮೊದಲ ನೀರನ್ನು ಹೊರಗೆ ಬಿಟ್ಟು, ಕ್ಲೋರಿನ್ ಪರೀಕ್ಷೆ ಮಾಡಿ ಆಮೇಲೆ ಜನಕ್ಕೆ ಕೊಡಬೇಕು. ಇದಕ್ಕೆ ಇಪ್ಪತ್ತು ವರ್ಷ ಬೇಡ, ಮನಸ್ಸಿದ್ದರೆ ಇಪ್ಪತ್ತು ದಿನ ಸಾಕು. ಮೇಲಿನವರಿಗೆ ಬರೆದು ಬರೆದು ನನಗೂ ಸಾಕಾಗಿದೆ, ಆ ವಿಷಯ ಬೇಡ ಬಿಡಿ.

ಗುಳಿಗೆ ಡಬ್ಬಿ:
ದಿನಾ ಮಾತ್ರೆ ತಿನ್ನುವವರಿಗೆ ಮಳೆಗಾಲದ ಮೊದಲೇ ಸರ್ಕಾರಿ ಆಸ್ಪತ್ರೆಯಿಂದ ಎರಡು ತಿಂಗಳದ್ದು ಒಟ್ಟಿಗೆ ಕೊಡಬಹುದು. ಮಾತ್ರೆಯ ಹೆಸರು ಬರೆದ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡಿ. ಕವರಿಗೆ ಎಷ್ಟು ಖರ್ಚಾಗುತ್ತದೆ?

ನೈಟ್ ಡ್ಯೂಟಿ:
ಮತ್ತೆ ಓಆರ್‌ಎಸ್, ಅಂದರೆ ವಾಂತಿ ಭೇದಿ ಆದವರಿಗೆ ಕುಡಿಸುವ ಉಪ್ಪು ಸಕ್ಕರೆ ನೀರು. ಇದಕ್ಕಿಂತ ಅಗ್ಗದ ಜೀವರಕ್ಷಕ ನಾನು ನೋಡಿಲ್ಲ. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಮಾಡಿದ್ದು ಇದನ್ನೇ. ಸಲೈನ್ ಬಾಟಲಿ ಮುಗಿಯುತ್ತಾ ಬಂದಿತ್ತು. ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಕಲಸಿದ ನೀರನ್ನು ಡ್ರಮ್ಮಿನಲ್ಲಿಟ್ಟು ಮನೆಯವರ ಕೈಯಲ್ಲೇ ಕುಡಿಸಿದರು. 30 ಶೇಕಡಾದಷ್ಟಿದ್ದ ಕಾಲರಾ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ 6 ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಜಾಸ್ತಿ ಹಾಕಬೇಡಿ, ಮಕ್ಕಳಿಗೆ ಅಪಾಯ. ಮಗು ಕಣ್ಣು ಒಳಗೆ ಹೋಗಿ ಮಂಕಾಗಿದ್ದರೆ, ಕುಡಿಯಲು ಆಗದಿದ್ದರೆ, ಮಲದಲ್ಲಿ ರಕ್ತ ಇದ್ದರೆ ಮನೆಯಲ್ಲಿ ಕೂರಬೇಡಿ, ಆಸ್ಪತ್ರೆಗೆ ಓಡಿ.

ನೇರಮಾತು:
ಕಲಸಿದ್ದು ಎಷ್ಟು ಹೊತ್ತು ಇಡಬಹುದು?

ನೈಟ್ ಡ್ಯೂಟಿ:
ಮುಚ್ಚಿಟ್ಟರೆ 24 ಗಂಟೆ. ಆಮೇಲೆ ಉಳಿದದ್ದನ್ನು ಚೆಲ್ಲಿ ಹೊಸದು ಕಲಸಿ.

ಮೂಲೆಮನೆ:
ಮಗು ವಾಂತಿ ಮಾಡಿಕೊಂಡರೂ ಕೊಡಬಹುದಾ?

ನೈಟ್ ಡ್ಯೂಟಿ:
ಕೊಡಬಹುದು. ಹತ್ತು ನಿಮಿಷ ಬಿಟ್ಟು, ಚಮಚ ಚಮಚವಾಗಿ, ನಿಧಾನ. ಎದೆಹಾಲು ನಿಲ್ಲಿಸಬೇಡಿ.